ಒಂದು ರೆಕಾರ್ಡರ್ ಆರಿಸೋಕೆ 120 ವರ್ಷ ಹಿಂದೆ ಹೋಗಿ ಬಂದೆ

ಭಾಗ 1

ಮೊದಲ ಫೋಟೋ ದೊಡ್ಡದು ಮಾಡಿ ನೋಡ್ರಿ. ಸಿ-60 ಕ್ಯಾಸೆಟ್. ಬೆನ್ನಿನ ಎರಡು ಮೂಲೆಗೆ ಎರಡು ಸಣ್ಣ ತೂತು ಕಾಣ್ತವಲ್ಲ, ಅಲ್ಲಿ ಮೊದಲು ಪ್ಲಾಸ್ಟಿಕ್ಕಿನ ಚಿಕ್ಕ ಹಲ್ಲು ಇರ್ತಿತ್ತು. ಆ ಹಲ್ಲು ಮುರಿದು ಹಾಕಿದ್ರೆ ಕ್ಯಾಸೆಟ್ ಮೇಲೆ ಮತ್ತೆ ರೆಕಾರ್ಡ್ ಮಾಡೋಕೆ ಬರಲ್ಲ, ಕೆಂಪು ಬಟನ್ ಒತ್ತಿದ್ರೂ ಕೆಳಗೆ ಇಳಿಯಲ್ಲ. 1996ರ ಒಂದು ಅಮಾಸಿ ರಾತ್ರಿ ನಮ್ಮ ಮುತ್ಯಾ ಮಠದ ಭಜನೆಯನ್ನ ಟೂ-ಇನ್-ವನ್‌ನಲ್ಲಿ ರೆಕಾರ್ಡ್ ಮಾಡಿ, ಎರಡೂ ಹಲ್ಲು ಮುರಿದು, ಕಬ್ಬಿಣದ ಟ್ರಂಕಿನಾಗ ಇಟ್ಟಿದ್ದ.

ಈಗ ತೂತಿನ ಮೇಲೆ ಹಳದಿ ಆಗಿರೋ ಸೆಲ್ಲೋಟೇಪ್ ನೋಡ್ರಿ. ಅದೇ ಈ ಕತೆ. ತೂತು ಮುಚ್ಚಿದ್ರೆ ಮಷೀನಿಗೆ ಹಲ್ಲು ಇದ್ದಂಗೇ ಅನ್ನಿಸ್ತದ. ನಮ್ಮ ಮನೆಯವರೇ ಯಾರೋ ಅದನ್ನ ಅಂಟಿಸಿ, ರೇಡಿಯೋದಾಗ ಬಂದ ಸಿನಿಮಾ ಹಾಡು ತುಂಬಿಸಿಬಿಟ್ಟಾರ. ಯಾರು ಅಂತ ಬರೆಯಂಗಿಲ್ಲ, ಅದರ ಮೇಲೆ ಇವತ್ತಿಗೂ ಹಬ್ಬದ ದಿನ ಜಗಳ ಆಗ್ತದ. ಎ ಸೈಡ್ ಪೂರ್ತಿ ಹೋಯ್ತು. ಬಿ ಸೈಡಿನ ಕೊನೆಗೆ 11 ನಿಮಿಷ ಉಳಿದಿದೆ.

ಆ 11 ನಿಮಿಷದಲ್ಲಿ ಹಾಡ್ತಿರೋದು ಮುತ್ಯಾನ ಗೆಳೆಯ, ಮೇಳದ ಮುಂದಾಳು. ಅವರು ತೀರಿಕೊಂಡು 20 ವರ್ಷದ ಮೇಲಾಯ್ತು. ಒಂದು ತತ್ವಪದ, ಐದು ನುಡಿ. ನಾಲ್ಕು ನುಡಿ ಮುತ್ಯಾಗೆ ಬಾಯಿಪಾಠ. ಮೂರನೇ ನುಡಿ ಬರಲ್ಲ. "ಅದು ಅವನೊಬ್ಬನೇ ಹೇಳ್ತಿದ್ದ, ನಾವು ಪಲ್ಲವಿ ಎತ್ತಿಕೊಳ್ತಿದ್ವಿ ಅಷ್ಟೇ" ಅಂತಾನ. ಟೇಪಿನಲ್ಲಿ ಮೂರನೇ ನುಡಿ ಇದೆ. ಆದ್ರೆ ಅಷ್ಟೊತ್ತಿಗೆ ದಮ್ಮಡಿ ಬಾರಿಸೋರು ಮೈಕಿನ ಹತ್ರ ಸರಿದು ಕೂತಿರಬೇಕು. ಡಬ್ ಡಬ್ ಅನ್ನೋದು ಬಿಟ್ರೆ ಮಾತು ತಿಳಿಯಲ್ಲ. ದನಿ ಬೇರೆ ಮಾಡೋ ಫೋನಿನ ಆ್ಯಪ್‌ಗೂ ಹಾಕಿ ನೋಡಿದೆ. ದನಿ ಬಂತು, ಬಾವಿಯೊಳಗೆ ಮುಳುಗಿ ಮಾತಾಡಿದಂಗ. ಎರಡು ಪದ ಸಿಕ್ತು, ಅವೂ ಅನುಮಾನ.

ಮುತ್ಯಾಗೆ ಈಗ 74. ಓದು ಬರಹ ಬರಲ್ಲ, ಪದ ಎಲ್ಲಾ ತಲೆಯಾಗ. ಅದಕ್ಕೇ ಒಂದು ಡಿಜಿಟಲ್ ಮಲ್ಟಿಟ್ರ್ಯಾಕ್ ರೆಕಾರ್ಡರ್ ತಗೋಬೇಕು ಅಂತ ಹೊರಟೆ. ಯಾವುದು ತಗೋಬೇಕು ಅಂತ ಹುಡುಕ್ತಾ ಹುಡುಕ್ತಾ ಹಿಂದಕ್ಕೆ ಹೋಗಿಬಿಟ್ಟೆ, ಗ್ರಾಮೊಫೋನ್ ತನಕ. ಇದು ಆ ದಾರಿ.

ಭಾಗ 2

ಎರಡನೇ ಫೋಟೋ ನಮ್ಮೂರಿಂದು ಅಲ್ಲ, ಗ್ರಾಮೊಫೋನಿನ ತುತ್ತೂರಿ.

1902ರ ನವೆಂಬರ್. ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾಗೆ ಬಂದು ಒಂದು ಹೋಟೆಲ್‌ನಲ್ಲಿ ಮಷೀನ್ ಇಟ್ಟು ರೆಕಾರ್ಡಿಂಗ್ ಶುರು ಮಾಡಿದ. ಅಲ್ಲಿ ಹಾಡಿದವರಲ್ಲಿ ಹೆಸರಾದವಳು ಗೌಹರ್ ಜಾನ್. ಮೂರು ನಿಮಿಷದ ಆಸುಪಾಸು ಹಾಡಿ, ಕೊನೆಗೆ ಇಂಗ್ಲಿಷ್‌ನಲ್ಲಿ ತನ್ನ ಹೆಸರು ತಾನೇ ಹೇಳ್ತಿದ್ದಳು. ತಟ್ಟೆ ಅಚ್ಚಾಗೋದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿನವರಿಗೆ ಯಾರ ತಟ್ಟೆ ಅಂತ ಗೊತ್ತಾಗಲಿ ಅಂತ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿಗೆ ಬಂದಳು, ನಾಲ್ವಡಿ ಕೃಷ್ಣರಾಜ ಒಡೆಯರ್ ಆಶ್ರಯದಲ್ಲಿದ್ದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು. ಇಷ್ಟು ದೊಡ್ಡ ವಿಷಯ ನನಗೆ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆಗ ಮೈಕ್ ಇರಲಿಲ್ಲ. ಮೈಕ್ ಬಳಸಿ ರೆಕಾರ್ಡ್ ಮಾಡೋದು ಬಂದಿದ್ದು 1925ರ ಹೊತ್ತಿಗೆ. ಅದಕ್ಕೂ ಮುಂಚೆ ಒಂದು ದೊಡ್ಡ ತುತ್ತೂರಿ, ಅದರೊಳಗೆ ಬಾಯಿಟ್ಟು ಹಾಡೋದು. ದನಿಯ ಒತ್ತಡಕ್ಕೆ ಸೂಜಿ ಅಲುಗಿ ಮೇಣದ ಮೇಲೆ ಗೆರೆ ಕೊರೀತಿತ್ತು. ಜೋರು ವಾದ್ಯ ಹಿಂದೆ, ಮೆತ್ತಗಿನ ವಾದ್ಯ ಮುಂದೆ. ಅಂದ್ರೆ ಆ ಕಾಲದ ಮಿಕ್ಸಿಂಗ್ ಅಂದ್ರೆ ಕೂರೋ ಜಾಗ. ತಬಲಾ ಒಂದು ಮಾರು ಹಿಂದೆ ಸರಿಸಿದ್ರೆ ಅದೇ ವಾಲ್ಯೂಮ್ ಕಡಿಮೆ ಮಾಡಿದಂಗ. ಒಮ್ಮೆ ಮೇಣದ ಮೇಲೆ ಕೊರೆದ ಮೇಲೆ ಯಾರದ್ದೂ ಹೆಚ್ಚು ಕಡಿಮೆ ಮಾಡೋಕೆ ಬರಲ್ಲ.

ನಮ್ಮ ಕಡೆಯವರ ದನಿ ತಟ್ಟೆಗೆ ಬಂದಿದ್ದು ಧಾರವಾಡ, ಹುಬ್ಬಳ್ಳಿ ದಾರಿಯಿಂದ. ಗಂಗೂಬಾಯಿ ಹಾನಗಲ್ 1930ರ ದಶಕದಲ್ಲಿ ಹಾಡಿದ ತಟ್ಟೆಗಳ ಮೇಲೆ ಗಾಂಧಾರಿ ಅಂತ ಹೆಸರಿತ್ತು. ಅವೂ ಮೂರು ನಿಮಿಷದ ಲೆಕ್ಕವೇ. ರಾತ್ರಿಯೆಲ್ಲಾ ಹಾಡೋ ರಾಗ ಮೂರು ನಿಮಿಷಕ್ಕೆ ಕತ್ತರಿಸಬೇಕು. ನಮ್ಮ ಭಜನೆಯವರು ಒಂದು ಪದ ಎತ್ತಿಕೊಂಡ್ರೆ ಪಲ್ಲವಿ ಸುತ್ತೋದರಲ್ಲೇ ಮೂರು ನಿಮಿಷ ಹೋಗ್ತದ.

ಭಾಗ 3

ಈಗ ಅಮೆರಿಕಕ್ಕೆ ಹೋಗೋಣ, ಯಾಕಂದ್ರೆ ಟ್ರ್ಯಾಕ್ ಅನ್ನೋ ವಿಚಾರ ಬೆಳೆದಿದ್ದು ಅಲ್ಲಿ.

ಲೆಸ್ ಪಾಲ್ ಅಂತ ಒಬ್ಬ ಗಿಟಾರ್ ವಾದಕ. ಹಾಲಿವುಡ್‌ನ ತನ್ನ ಮನೆಯ ಗ್ಯಾರೇಜ್‌ನಲ್ಲಿ ಸ್ಟುಡಿಯೋ ಮಾಡಿಕೊಂಡಿದ್ದ. 1948ರಲ್ಲಿ ಅವನ ಒಂದು ತಟ್ಟೆ ಬಂತು, ಅದರಲ್ಲಿ ಎಂಟು ಗಿಟಾರ್ ಕೇಳಿಸ್ತವೆ, ಎಂಟೂ ಅವನೇ. ಒಂದು ತಟ್ಟೆ ನುಡಿಸ್ತಾ ಅದರ ಜೊತೆ ಬಾರಿಸಿ ಇನ್ನೊಂದು ತಟ್ಟೆಗೆ ತುಂಬಿಸೋದು, ಮತ್ತೆ ಅದರ ಮೇಲೆ ಇನ್ನೊಂದು. ನಡುವೆ ತಪ್ಪಿದ್ರೆ ಮೊದಲಿಂದ ಶುರು. ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಟೇಪ್ ತಂತ್ರ ಅಮೆರಿಕಕ್ಕೆ ಬಂತು, 1957ರಲ್ಲಿ ಆಂಪೆಕ್ಸ್ ಕಂಪನಿ ಲೆಸ್ ಪಾಲ್‌ಗೇ ಎಂಟು ಟ್ರ್ಯಾಕಿನ ಮಷೀನ್ ಕಟ್ಟಿಕೊಟ್ಟಿತು. ಒಂದೇ ಟೇಪಿನ ಅಗಲದಲ್ಲಿ ಎಂಟು ಬೇರೆ ಬೇರೆ ಪಟ್ಟಿ, ಹೊಲದ ಸಾಲು ಇದ್ದಂಗ. ಒಂದು ಸಾಲು ಅಳಿಸಿ ಮತ್ತೆ ಬಿತ್ತಬಹುದು, ಪಕ್ಕದ್ದು ಹಾಗೇ ಇರ್ತದ. ಆದ್ರೂ ಅದು ಎಲ್ಲರಿಗೂ ಸಿಗಲಿಲ್ಲ. ಬೀಟಲ್ಸ್‌ನವರು 1967ರ ಸಾರ್ಜೆಂಟ್ ಪೆಪ್ಪರ್ ಮಾಡಿದ್ದು ನಾಲ್ಕು ಟ್ರ್ಯಾಕಿನ ಮಷೀನ್‌ಗಳ ಮೇಲೆ.

ಇದು ಮನೆಗೆ ಬಂದಿದ್ದು 1979ರಲ್ಲಿ. ಟಿಯಾಕ್ ಕಂಪನಿ ಟ್ಯಾಸ್ಕಾಮ್ ಹೆಸರಿನಡಿ ಪೋರ್ಟಾಸ್ಟುಡಿಯೋ 144 ಅಂತ ಒಂದು ಮಷೀನ್ ತಂತು. ಬಳಸೋದು ಮಾಮೂಲಿ ಕ್ಯಾಸೆಟ್ಟೇ, ಮೊದಲ ಫೋಟೋದಲ್ಲಿ ಇರೋ ಥರದ್ದೇ. ನಾವು ಎ ಸೈಡ್ ಬಿ ಸೈಡ್ ಅಂತ ಎರಡೆರಡು ಪಟ್ಟಿ ಬಳಸ್ತೀವಲ್ಲ, ಅದು ನಾಲ್ಕೂ ಪಟ್ಟಿನ ಒಂದೇ ದಿಕ್ಕಿಗೆ ಬಳಸ್ತಿತ್ತು, ವೇಗಾನೂ ಎರಡು ಪಟ್ಟು. 1982ರ ಜನವರಿಯಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಮನೆಯಲ್ಲಿ ಕೂತು ಇದರ ಮೇಲೆ ಕಚ್ಚಾ ಹಾಡು ರೆಕಾರ್ಡ್ ಮಾಡಿದ. ಆಮೇಲೆ ದೊಡ್ಡ ಸ್ಟುಡಿಯೋದಲ್ಲಿ ಬ್ಯಾಂಡ್ ಜೊತೆ ಮತ್ತೆ ಮಾಡಿದ್ರೂ ಆ ಮನೆಯ ಕ್ಯಾಸೆಟ್ಟಿನ ರುಚಿ ಬರಲಿಲ್ಲ. ಕೊನೆಗೆ ಆ ಕ್ಯಾಸೆಟ್ಟೇ ನೆಬ್ರಾಸ್ಕಾ ಅನ್ನೋ ಆಲ್ಬಮ್ ಆಯ್ತು.

ಇಲ್ಲಿ ನಿಂತು ಒಂದು ಮಾತು. ಲೆಸ್ ಪಾಲ್ ಒಬ್ಬನೇ. ಸ್ಪ್ರಿಂಗ್‌ಸ್ಟೀನ್ ಆ ಮನೆಯಲ್ಲಿ ಹಾಡುವಾಗ ಒಬ್ಬನೇ. ಮನೆ ರೆಕಾರ್ಡರ್ ಅನ್ನೋದು ಒಬ್ಬ ಮನುಷ್ಯ ಕೋಣೆ ಬಾಗಿಲು ಹಾಕಿಕೊಂಡು ಒಂದಾದ ಮೇಲೆ ಒಂದು ಪದರ ಹಚ್ಚೋಕೆ ಹುಟ್ಟಿದ ವಸ್ತು. ಇವತ್ತು ಅಂಗಡಿಯಲ್ಲಿ ಸಿಗೋ ಡಬ್ಬಿಗಳಲ್ಲೂ ಬಹಳಷ್ಟಕ್ಕೆ ಅದೇ ಗುಣ ಇದೆ. ನಮ್ಮ ಮೇಳದಲ್ಲಿ ಏಳು ಜನ, ಎದುರುಬದುರು ಕೂತು, ಒಬ್ಬರ ಮುಖ ಒಬ್ಬರು ನೋಡ್ತಾ ಹಾಡ್ತಾರ. ನಾನು ಮೊದಲ ಸಲ ಆರಿಸುವಾಗ ತಪ್ಪಿದ್ದು ಇಲ್ಲೇ.

ಭಾಗ 4

ಇದು ಸಣ್ಣ ಪೋಸ್ಟ್.

ನಮ್ಮ ಲಿಂಗಸುಗೂರಿನ ಪ್ರಾಣೇಶದಾಸರು ಗೊತ್ತಲ್ಲ? ಮಾನ್ವಿಯ ಜಗನ್ನಾಥದಾಸರ ಶಿಷ್ಯರು. ಅವರ ಪದಗಳು ಪುಸ್ತಕದಲ್ಲಿವೆ, ಇವತ್ತಿಗೂ ಹಾಡ್ತಾರೆ. ಅವರು ಹಾಡಿದ ದನಿ ಹೆಂಗಿತ್ತು ಅನ್ನೋದು ಮಾತ್ರ ಯಾವ ಪುಸ್ತಕದಾಗೂ ಸಿಗಂಗಿಲ್ಲ. ಮಸ್ಕಿ ಬಂಡೆ ಮೇಲೆ ಅಶೋಕನ ಹೆಸರು ಎರಡು ಸಾವಿರ ವರ್ಷ ಕೂತಿತ್ತು, 1915ರಲ್ಲಿ ಚಿನ್ನ ಹುಡುಕೋಕೆ ಬಂದ ಬೀಡನ್ ಅನ್ನೋ ಎಂಜಿನಿಯರ್ ಕಣ್ಣಿಗೆ ಬಿತ್ತು. ಅಕ್ಷರ ಕಾಯ್ತದ. ದನಿ ಕಾಯಲ್ಲ.

ಕನ್ನಡದಲ್ಲಿ ಕ್ಯಾಸೆಟ್ ಕಾಲ ಅಂದ್ರೆ 1978ರಿಂದ ಶುರು ಅಂತ ಹೇಳ್ತಾರೆ. ನಿಸಾರ್ ಅಹಮದ್ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ನಿತ್ಯೋತ್ಸವ ಆ ವರ್ಷ ಬಂತು, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್. ಮುಂದೆ ಸಿ. ಅಶ್ವತ್ಥ್ ದನಿಯಲ್ಲಿ ಶಿಶುನಾಳ ಷರೀಫರು ಪ್ರತಿ ಹೋಟೆಲ್‌ಗೂ, ಪ್ರತಿ ಬಸ್ಸಿಗೂ ಬಂದರು. ಅವೆಲ್ಲ ಊರಿಂದ ದೂರದ ಸ್ಟುಡಿಯೋಗಳಲ್ಲಿ ಆಗಿದ್ದು. ಕನ್ನಡ ಸಿನಿಮಾದವರೇ ಬಹಳ ಕಾಲ ಮದ್ರಾಸಿಗೆ ಓಡಾಡಿದರು, ಶಂಕರ್ ನಾಗ್ ಮತ್ತು ಅನಂತ್ ನಾಗ್ ಬೆಂಗಳೂರಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆ ಓಡಾಟ ತಪ್ಪಿಸೋಕೆ. ಅಲ್ಲಿ ಹಾಡೋರಿಗೆ ಒಂದು ಮೈಕ್, ತಬಲಾಗೆ ಒಂದು ಮೈಕ್.

ನಮ್ಮ ಕಡೆ ಕಡಕೋಳ ಮಡಿವಾಳಪ್ಪನವರ ಪರಂಪರೆಯ ಪದ ಹಾಡೋರು, ಮುದಗಲ್ ಮೊಹರಮ್‌ನಲ್ಲಿ ರಿವಾಯತ್ ಹಾಡೋರು, ಇವರ ಪಾಲಿಗೆ ಬಂದ ಮಷೀನ್ ಟೂ-ಇನ್-ವನ್. ಅದರ ಮೂಲೆಯಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ಅದೇ ಮೈಕ್. ಏಳೂ ಜನರ ದನಿ ಆ ಒಂದು ತೂತಿನಲ್ಲಿ ಹೋಗಿ ಒಂದೇ ಪಟ್ಟಿ ಮೇಲೆ ಕೂರಬೇಕು. 1902ರ ತುತ್ತೂರಿಯ ಸ್ಥಿತಿಯೇ. ವ್ಯತ್ಯಾಸ ಇಷ್ಟೇ, ಗೈಸ್‌ಬರ್ಗ್ ಇದ್ದಿದ್ರೆ ದಮ್ಮಡಿಯವರನ್ನ ಎಬ್ಬಿಸಿ ಹಿಂದೆ ಕೂರಿಸ್ತಿದ್ದ. 1996ರ ಮಠದಲ್ಲಿ ಯಾರೂ ಹೇಳಲಿಲ್ಲ.

ಭಾಗ 5

ಈಗ ಡಿಜಿಟಲ್. ಲೆಕ್ಕ ಇಷ್ಟ ಇಲ್ಲದವರು ಮುಂದಿನ ಭಾಗಕ್ಕೆ ಹೋಗ್ರಿ, ಬಿ.ಕಾಂ ಹುಡುಗನ ಕೈಗೆ ಸಿಕ್ಕೀರಿ.

1992ರಲ್ಲಿ ಅಲೆಸಿಸ್ ಕಂಪನಿಯ ಎಡ್ಯಾಟ್ ಮಾರುಕಟ್ಟೆಗೆ ಬಂತು. ವಿಡಿಯೋ ಕ್ಯಾಸೆಟ್ ಮೇಲೆ ಎಂಟು ಟ್ರ್ಯಾಕ್ ಡಿಜಿಟಲ್. ದೊಡ್ಡ ಸ್ಟುಡಿಯೋದ ಕೆಲಸ ಸಣ್ಣ ಕೋಣೆಗೆ ಇಳಿದಿದ್ದು ಅದರಿಂದ. 1996ರಲ್ಲಿ ರೋಲ್ಯಾಂಡ್ ವಿಎಸ್-880 ಬಂತು, ಟೇಪ್ ಇಲ್ಲ, ಹಾರ್ಡ್ ಡಿಸ್ಕ್. ಎಂಟು ಟ್ರ್ಯಾಕ್, ಮಿಕ್ಸರ್ ಎಲ್ಲಾ ಒಂದೇ ಡಬ್ಬಿ. (ಹೌದು, ಮುತ್ಯಾ ಆ ಕ್ಯಾಸೆಟ್ ಮಾಡಿದ ವರ್ಷಾನೇ. ಯೋಚನೆ ಮಾಡಿದ್ರೆ ಹೊಟ್ಟೆ ಉರೀತದ.) ಆಮೇಲೆ ಹಾರ್ಡ್ ಡಿಸ್ಕ್ ಜಾಗಕ್ಕೆ ಮೆಮರಿ ಕಾರ್ಡ್ ಬಂತು, ಡಬ್ಬಿ ಸಣ್ಣದಾಯ್ತು. 2009ರ ಸುಮಾರಿಗೆ ಟ್ಯಾಸ್ಕಾಮ್ ಡಿಪಿ-008, ಝೂಮ್ ಆರ್16 ಥರದವು ಬಂದವು.

ನಾನು ಮೊದಲು ಕಣ್ಣು ಹಾಕಿದ್ದು ಡಿಪಿ-008 ಸಾಲಿನ ಮೇಲೆ. ಎಂಟು ಟ್ರ್ಯಾಕ್, ಕೈಯಲ್ಲಿ ಹಿಡಿಯೋ ಅಷ್ಟು ಚಿಕ್ಕದು, ಪೆನ್ಸಿಲ್ ಸೆಲ್ ಮೇಲೆ ಓಡ್ತದ. ಏಳು ಜನ, ಎಂಟು ಟ್ರ್ಯಾಕ್, ಲೆಕ್ಕ ಸರಿ ಹೋಯ್ತು ಅಂತ ಖುಷಿ ಆದೆ. ದುಡ್ಡು ಕಳಿಸೋ ಹಿಂದಿನ ರಾತ್ರಿ ಕೈಪಿಡಿ ಓದಿದೆ. ಟ್ರ್ಯಾಕ್ ಎಂಟು, ಆದ್ರೆ ಒಮ್ಮೆಗೆ ರೆಕಾರ್ಡ್ ಆಗೋದು ಎರಡು ಮಾತ್ರ. ಮೊದಲು ಎರಡು, ಆಮೇಲೆ ಅದನ್ನ ಕೇಳ್ತಾ ಇನ್ನೆರಡು. ಲೆಸ್ ಪಾಲ್ ಪದ್ಧತಿ. ಒಬ್ಬನೇ ಹಾಡಿ, ಒಬ್ಬನೇ ಕೀಬೋರ್ಡ್ ನುಡಿಸೋನಿಗೆ ಇದಕ್ಕಿಂತ ಒಳ್ಳೇದು ಬೇಡ. ಮುತ್ಯಾಗೆ ಹೆಡ್‌ಫೋನ್ ಹಾಕಿ "ದಮ್ಮಡಿ ಆಗಲೇ ಬಾರಿಸ್ಯಾರ, ನೀ ಈಗ ಹಾಡು" ಅಂದ್ರೆ ಎದ್ದು ಹೋಗ್ತಾನ.

ಹೊಸ ಮಾದರಿಗಳಲ್ಲೂ ಇದೇ ನೋಡಬೇಕು. ಝೂಮ್ ಆರ್4 ಅಂತ ಒಂದಿದೆ, 32-ಬಿಟ್ ಫ್ಲೋಟ್, ಅಂದ್ರೆ ದನಿ ಎಷ್ಟು ಜೋರಾದ್ರೂ ಒಡೆಯದಂಗೆ ಬರೆದಿಡ್ತದ. ದಮ್ಮಡಿಗೆ ಬಹಳ ಒಳ್ಳೇದು. ಆದ್ರೆ ಅದೂ ಒಮ್ಮೆಗೆ ಎರಡೇ ಮೈಕ್. ಹಾಗಾಗಿ ನನಗೆ ಸಿಕ್ಕ ಸೂತ್ರ ಒಂದೇ: ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರೋ ಟ್ರ್ಯಾಕ್ ಸಂಖ್ಯೆ ಬಿಡ್ರಿ, ಒಳಗೆ ಸಣ್ಣದಾಗಿ ಬರೆದಿರೋ ಏಕಕಾಲದ ಇನ್‌ಪುಟ್ ಸಂಖ್ಯೆ ಹುಡುಕ್ರಿ. ಬ್ಯಾಲೆನ್ಸ್ ಶೀಟ್ ಓದುವಾಗ ಕೆಳಗಿನ ಟಿಪ್ಪಣಿ ಓದು ಅಂತ ನಮ್ಮ ಸರ್ ಹೇಳೋದೂ ಇದೇ.

ಆರ್16 ಇಲ್ಲಿ ಬೇರೆ. 16 ಟ್ರ್ಯಾಕ್, ಒಮ್ಮೆಗೆ ಎಂಟು. ಎಂಟು ಮೈಕಿನ ದನಿ ಎಂಟು ಬೇರೆ ಫೈಲ್ ಆಗಿ ಕೂರ್ತದ. ಫ್ಯಾಂಟಮ್ ಪವರ್ ಅಂದ್ರೆ ಕಂಡೆನ್ಸರ್ ಮೈಕಿಗೆ ಬೇಕಾದ 48 ವೋಲ್ಟ್, ಅದು ಎರಡು ಇನ್‌ಪುಟ್‌ಗೆ ಮಾತ್ರ ಸಿಗ್ತದ. ನಮಗೆ ಅದು ತೊಂದರೆ ಅಲ್ಲ, ನಮ್ಮೂರಲ್ಲಿ ಬಾಡಿಗೆಗೆ ಸಿಗೋ ಮದುವೆ ಮೈಕುಗಳೆಲ್ಲ ಡೈನಾಮಿಕ್, ಅವಕ್ಕೆ ಕರೆಂಟೇ ಬೇಡ.

ಜಾಗದ ಲೆಕ್ಕ: 44,100 ಸ್ಯಾಂಪಲ್, 24 ಬಿಟ್ ಅಂದ್ರೆ 3 ಬೈಟ್. ಒಂದು ಟ್ರ್ಯಾಕಿಗೆ ಸೆಕೆಂಡಿಗೆ 1,32,300 ಬೈಟ್. ಎಂಟು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 63 ಎಂಬಿ, ತಾಸಿಗೆ 3.8 ಜಿಬಿ. ಅದು ತಗೊಳ್ಳೋ ದೊಡ್ಡ ಕಾರ್ಡ್ 32 ಜಿಬಿ, ಎಂಟು ತಾಸು. ಅಮಾಸಿ ಭಜನೆ ರಾತ್ರಿ ಒಂಬತ್ತಕ್ಕೆ ಶುರುವಾಗಿ ಬೆಳಗಿನ ಜಾವ ನಾಲ್ಕಕ್ಕೆ ಮಂಗಳಾರತಿ. ಏಳು ತಾಸು. ಇಡೀ ರಾತ್ರಿ ಒಂದು ಉಗುರಿನಷ್ಟು ಕಾರ್ಡಿನಲ್ಲಿ.

ಭಾಗ 6

ಲ್ಯಾಪ್‌ಟಾಪ್‌ಗೆ ಒಂದು ಇಂಟರ್‌ಫೇಸ್ ಹಾಕಿದ್ರೆ ಸಾಲದಾ ಅಂತ ಐದಾರು ಜನ ಮೆಸೇಜ್ ಮಾಡೀರಿ. ಸಾಲ್ತದ, ಸ್ಟುಡಿಯೋದಲ್ಲಿ ಕೂತ್ರೆ. ನನ್ನ ಲ್ಯಾಪ್‌ಟಾಪ್ ಬ್ಯಾಟರಿ 40 ನಿಮಿಷ. ಏಪ್ರಿಲ್‌ನಲ್ಲಿ ಅದರ ಫ್ಯಾನ್ ಹಿಟ್ಟಿನ ಗಿರಣಿ ಥರ ಸದ್ದು ಮಾಡ್ತದ, ಆ ಸದ್ದೂ ಮೈಕಿಗೆ ಹೋಗ್ತದ. ಜಿಲ್ಲೆಯಲ್ಲಿ ಶಕ್ತಿನಗರ ಇಟ್ಟುಕೊಂಡು ರಾಜ್ಯಕ್ಕೆಲ್ಲ ಕರೆಂಟ್ ಕೊಡೋರು ನಾವು, ಅಮಾಸಿ ರಾತ್ರಿ ಕರೆಂಟ್ ಇರ್ತದ ಅಂತ ನಂಬಿ ಕೂರೋಕೆ ಮಾತ್ರ ಆಗಲ್ಲ. ಆರ್16 ಆರು ಪೆನ್ಸಿಲ್ ಸೆಲ್ ಮೇಲೂ ಓಡ್ತದ. ನನ್ನ ಮಟ್ಟಿಗೆ ಅಲ್ಲಿಗೆ ವಾದ ಮುಗೀತು.

ಹೊಸದು ತಗೊಳ್ಳೋ ದುಡ್ಡು ಇರಲಿಲ್ಲ. ಎರಡು ವರ್ಷ ಹತ್ತನೇ ಕ್ಲಾಸ್ ಹುಡುಗರಿಗೆ ಗಣಿತ ಹೇಳಿಕೊಟ್ಟ ದುಡ್ಡು, ಅತ್ತಿ ಕೊಟ್ಟ ಸ್ವಲ್ಪ. ಹಳೇದು ಹುಡುಕಿದೆ. ಮೊದಲ ಮಾರಾಟಗಾರ ಮುಂಗಡ ತಗೊಂಡು ಫೋನ್ ಎತ್ತಲಿಲ್ಲ, 1,500 ಹೋಯ್ತು, ಅದು ಪುಸ್ತಕದಲ್ಲಿ ಬ್ಯಾಡ್ ಡೆಟ್. ಎರಡನೆಯವರು ಒಂದು ಆರ್ಕೆಸ್ಟ್ರಾದವರು, ಮಷೀನ್ ಎದುರಿಗೇ ಹಚ್ಚಿ ತೋರಿಸಿದ್ರು. ಹಳೇದು ತಗೊಳ್ಳೋರು ನೋಡಬೇಕಾದ್ದು: ಎಂಟೂ ಇನ್‌ಪುಟ್‌ಗೆ ಒಂದೊಂದಾಗಿ ಮೈಕ್ ಹಾಕಿ ಐದೈದು ನಿಮಿಷ ರೆಕಾರ್ಡ್ ಮಾಡ್ರಿ, ಫೇಡರ್ ನಿಧಾನಕ್ಕೆ ಎಳೆದಾಗ ಕರಕರ ಬರ್ತದಾ ಕೇಳ್ರಿ, ಸೆಲ್ ಹಾಕೋ ಡಬ್ಬಿ ತೆಗೆದು ತುಕ್ಕು ನೋಡ್ರಿ, ನಿಮ್ಮದೇ ಕಾರ್ಡ್ ಒಯ್ದು ಫಾರ್ಮ್ಯಾಟ್ ಆಗ್ತದಾ ನೋಡ್ರಿ. ನಂದರಲ್ಲಿ ಏಳನೇ ಫೇಡರ್ ಸ್ವಲ್ಪ ಕರಕರ ಅಂತದ. ಅದಕ್ಕೆ 500 ಕಡಿಮೆ ಮಾಡಿಸಿದೆ.

ಭಾಗ 7

ಕೊನೆಯ ಫೋಟೋ ಸ್ವಲ್ಪ ಮಸುಕಾಗಿದೆ, ಕ್ಷಮಿಸ್ರಿ. ಕರೆಂಟ್ ಹೋಗಿತ್ತು, ಕಂದೀಲಿನ ಬೆಳಕು.

ಮೈಕ್ ಇಟ್ಟಿದ್ದು ಹೀಗೆ: ಮುತ್ಯಾಗೆ ಒಂದು, ಹಿಮ್ಮೇಳದ ಇಬ್ಬರಿಗೆ ಒಂದೊಂದು, ಹಾರ್ಮೋನಿಯಮ್, ಏಕತಾರಿ, ದಮ್ಮಡಿ, ತಾಳ. ಎಂಟನೆಯದು ಮಠದ ಬಾಗಿಲ ಹತ್ರ, ಕೂತ ಜನರ ಕಡೆ ತಿರುಗಿಸಿ. ಬೇರೆ ಬೇರೆ ಮೈಕ್ ಇದ್ರೂ ದಮ್ಮಡಿ ಸದ್ದು ಎಲ್ಲಾದರಾಗೂ ಸ್ವಲ್ಪ ನುಗ್ಗುತ್ತೆ, ಅದು ತಪ್ಪಲ್ಲ. ಅದಕ್ಕೇ ಗೈಸ್‌ಬರ್ಗ್ ಬುದ್ಧಿ ಬಳಸಿ ದಮ್ಮಡಿಯವರನ್ನ ಎರಡು ಮಾರು ದೂರ ಕೂರಿಸಿದೆ. ಅವರು ಮುಖ ಗಂಟಿಕ್ಕಿದರು. 30 ವರ್ಷದಿಂದ ಮುತ್ಯಾನ ಬಲಗಡೆ ಕೂರೋರು ಅವರು. ಎರಡು ಪದ ಆಗೋದ್ರೊಳಗೆ ತಾಳ ತಪ್ಪೋಕೆ ಶುರುವಾಯ್ತು, ಮುಖ ಕಾಣ್ತಿಲ್ಲ ಅಂದ್ರು. ವಾಪಸ್ ಬಲಗಡೆ ಕೂರಿಸಿದೆ. ಮೈಕುಗಳನ್ನೇ ತಿರುಗಿಸಿದೆ, ಪ್ರತಿ ಮೈಕಿನ ಬೆನ್ನು ದಮ್ಮಡಿ ಕಡೆ ಬರೋ ಹಾಗೆ. ಅಂಥ ಮೈಕು ಎದುರಿನದ್ದು ಹೆಚ್ಚು ಕೇಳ್ತಾವ, ಬೆನ್ನಿನದ್ದು ಕಡಿಮೆ. ಇದನ್ನ ಮೊದಲೇ ಮಾಡಬೇಕಿತ್ತು.

11 ಗಂಟೆಗೆ ಕರೆಂಟ್ ಹೋಯ್ತು. ದೊಡ್ಡ ಸ್ಪೀಕರ್ ಸತ್ತಿತು, ಭಜನೆ ನಿಲ್ಲಲಿಲ್ಲ, ರೆಕಾರ್ಡರಿನ ಕೆಂಪು ದೀಪಾನೂ ಆರಲಿಲ್ಲ. ಅಸಲಿಗೆ ಆಮೇಲಿನ ಪದಗಳೇ ಚೆನ್ನಾಗಿ ಬಂದಾವ, ಸ್ಪೀಕರಿನ ಗೊಡವೆ ಇಲ್ಲ. ಮೂರಕ್ಕೆ ಸ್ವಲ್ಪ ಮುಂಚೆ ಸೆಲ್ ಬದಲು ಮಾಡಿದೆ, ಅಷ್ಟರಲ್ಲಿ ಅರ್ಧ ಪದ ತಪ್ಪಿತು. ಒಟ್ಟು 43 ಪದ ಸಿಕ್ಕಿವೆ.

ಮರುದಿನ ಮಧ್ಯಾಹ್ನ ಮುತ್ಯಾಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಆ ಐದು ನುಡಿಯ ಪದ, ಈಗ ನಾಲ್ಕೇ ನುಡಿ. ನಾನು ದೊಡ್ಡ ಸಾಧನೆ ಮಾಡಿದವನ ಥರ ದಮ್ಮಡಿ ಫೇಡರ್ ಪೂರ್ತಿ ಕೆಳಗೆ ಎಳೆದೆ, ಅವನ ದನಿ ಒಂದೇ ನಿಂತಿತು, ಪ್ರತಿ ಅಕ್ಷರ ಸ್ಪಷ್ಟ. ಎರಡು ನಿಮಿಷ ಕೇಳಿ ಹೆಡ್‌ಫೋನ್ ಸರಿಸಿದ. "ದಮ್ಮಡಿ ಎಲ್ಲಿ ಹೋತು? ಹಾಕು. ಹಿಂಗ ಬರೇ ನಂದೇ ಕೇಳಿದ್ರ ನಾ ಸತ್ತಂಗ ಅನ್ನಿಸ್ತದ."

ಮತ್ತೆ ಮೇಲೆ ತಂದೆ, ಅರ್ಧಕ್ಕೆ. ಆಗ ಕಣ್ಣು ಮುಚ್ಚಿ ಕೇಳಿದ. ಎರಡನೇ ನುಡಿ ಮುಗಿದು ನಾಲ್ಕನೆಯದಕ್ಕೆ ಹೋಗೋ ಜಾಗದಲ್ಲಿ ತುಟಿ ಅಲುಗಿತು, ಏನೋ ಹೇಳಿಕೊಂಡ. ಏನು ಅಂತ ಕೇಳಿದೆ. ತಲೆ ಅಲ್ಲಾಡಿಸಿದ. ಇನ್ನೂ ಬಂದಿಲ್ಲ.

ಸಿಂಧನೂರು, ಮಸ್ಕಿ, ಮುದಗಲ್, ಹಟ್ಟಿ ಕಡೆ ಓದ್ತಿರೋರಿಗೆ ಒಂದು ಬೇಡಿಕೆ. ನಿಮ್ಮ ಅಟ್ಟದ ಮೇಲೆ, ಟ್ರಂಕಿನಲ್ಲಿ 90ರ ದಶಕದ ಭಜನೆ ಕ್ಯಾಸೆಟ್ ಇದ್ರೆ ಮೊದಲು ಹಲ್ಲು ಇದೆಯಾ ನೋಡ್ರಿ, ಇದ್ರೆ ಮುರೀರಿ. ಸೆಲ್ಲೋಟೇಪ್ ಇದ್ರೆ ಕಿತ್ತು ಹಾಕ್ರಿ. ಆಮೇಲೆ ನನಗೊಂದು ಮೆಸೇಜ್ ಮಾಡ್ರಿ. ನಾನೇ ಬರ್ತೀನಿ, ನಿಮ್ಮ ಮನೆಯಲ್ಲೇ ಕೂತು ಕಾರ್ಡಿಗೆ ಇಳಿಸಿಕೊಂಡು ಕ್ಯಾಸೆಟ್ ನಿಮ್ಮ ಕೈಗೇ ಕೊಡ್ತೀನಿ. ಯಾವುದಾದ್ರೂ ಒಂದರಲ್ಲಿ ಆ ಮೂರನೇ ನುಡಿ ಇರಬಹುದು. ಮುಂದಿನ ಅಮಾಸಿಗೆ ಮುಂಚೆ ಸಿಕ್ರೆ ಐದೂ ನುಡಿ ಹಾಡಿಸೋಣ.